ಚಿಮರೋಸಾ ಸೊನಾಟಾ: ಉಸಿರಿಗೂ ಜಾಗವಿರಲಿ

ಇಟಲಿಯ ಸಂಗೀತ ರಚನಕಾರ ಡೊಮೆನಿಕೊ ಚಿಮರೋಸಾ (1749–1801) ಎಂದರೆ ಒಪೆರಾ ಬಲ್ಲವರಿಗೆ ನೆನಪಾಗುವುದು 1792ರಲ್ಲಿ ವಿಯೆನ್ನಾದಲ್ಲಿ ರಂಗಕ್ಕೆ ಬಂದ ‘ಇಲ್ ಮಾತ್ರಿಮೋನಿಯೋ ಸೆಗ್ರೆತೊ’ (ಗುಟ್ಟಿನ ಮದುವೆ). ಕೀಬೋರ್ಡಿಗೆ ಅವನು ಬರೆದ ಎಂಬತ್ತಕ್ಕೂ ಹೆಚ್ಚು ಸೊನಾಟಾಗಳು (ಹಾಡುಗಾರಿಕೆಯಿಲ್ಲದ, ವಾದ್ಯಕ್ಕೆಂದೇ ಬರೆದ ಕೃತಿಗಳು) ಬಹುಕಾಲ ಹಸ್ತಪ್ರತಿಯಲ್ಲೇ ಉಳಿದಿದ್ದವು. 1920ರ ದಶಕದಲ್ಲಿ 32 ಅಚ್ಚಾದವು. ಹೆಚ್ಚಿನವು ಒಂದೆರಡು ಪುಟದವು. ಸೊನಾಟಾದ ಕ್ರಮಸಂಖ್ಯೆ ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತದೆ. ಹಾಗಾಗಿ ಹುಡುಕುವಾಗ ಶ್ರುತಿಯನ್ನೂ (ಕೀ) ಮೊದಲ ಎರಡು ಅಳತೆಗಳನ್ನೂ (ಬಾರ್, ಅಂದರೆ ಲಿಪಿಯಲ್ಲಿ ಲಂಬ ಗೆರೆಗಳ ನಡುವಿನ ಭಾಗ) ಹೋಲಿಸಿ ನೋಡಿ.

ನೋಡಲು ಸುಲಭವಾದ ಇವು ಕೆಡುವುದು ಎಡಗೈಯಲ್ಲಿ. ಒಡೆದ ಸ್ವರಮೇಳದ ಆಲ್ಬರ್ಟಿ ಬಾಸ್‌ನಲ್ಲಿ ನಾಲ್ಕೂ ಸ್ವರಗಳನ್ನು ಒಂದೇ ಒತ್ತಿನಲ್ಲಿ ನುಡಿಸಿದರೆ ಹಾಡು ಮುಳುಗಿಹೋಗುತ್ತದೆ. ಮೊದಲು ಪ್ರತಿ ಗುಂಪನ್ನೂ ಒಟ್ಟಿಗೆ ಒತ್ತಿ, ಸ್ವರಮೇಳ ಎಲ್ಲಿ ಬದಲಾಗುತ್ತದೆಂದು ಗುರುತಿಸಿಕೊಳ್ಳಿ. ಆಮೇಲೆ ಒಡೆದು ನುಡಿಸಿ. ಗುಂಪಿನ ಕೆಳಸ್ವರವನ್ನು ಕಿರುಬೆರಳಿನಲ್ಲೇ ತುಸು ಹಿಡಿದಿರಿ, ಉಳಿದ ಮೂರು ಹಗುರವಾಗಿರಲಿ. ಹೀಗೆ ಮಾಡಿದರೆ ನಾದವನ್ನು ಎಳೆದು ಉಳಿಸುವ ಕಾಲಿನ ಪೆಡಲ್ ಬಹುಮಟ್ಟಿಗೆ ಬೇಕಾಗುವುದೇ ಇಲ್ಲ.

ಪೆಡಲ್ ಬಗ್ಗೆ ನಾನು ಕಟ್ಟುನಿಟ್ಟು. ಪಿಯಾನೊದ ಆ ಕಾಲದ ರೂಪವಾದ ಫೋರ್ಟೆಪಿಯಾನೊದಲ್ಲಿ ನಾದ ಬೇಗ ಆರುತ್ತಿತ್ತು. ಇಂದಿನ ಪಿಯಾನೊದಲ್ಲಿ ಇಡೀ ಅಳತೆಗೆ ಪೆಡಲ್ ಒತ್ತಿ ಹಿಡಿದರೆ ವಿರಾಮ ಚಿಹ್ನೆಗಳೆಲ್ಲ ಅಳಿಸಿಹೋಗುತ್ತವೆ. ಆ ವಿರಾಮಗಳು ಗಾಯಕಿ ಉಸಿರು ತೆಗೆದುಕೊಳ್ಳುವ ಜಾಗಗಳು. ಕೈಯನ್ನು ಕೀಲಿಯಿಂದ ಎತ್ತಿಯೇ ಬಿಡಿ.

ನಿಧಾನಗತಿಯ ಸೊನಾಟಾಗಳಲ್ಲಿ ಒತ್ತು ಬೀಳುವೆಡೆ ಬರುವ ವಿಸಂವಾದಿ (ಸ್ವರಮೇಳಕ್ಕೆ ಹೊಂದದ) ಸ್ವರಕ್ಕೆ ಒರಗಿ, ಅದು ಇಳಿದು ನಿಲ್ಲುವ ಸ್ವರವನ್ನು ಮೆಲ್ಲಗೆ ಬಿಡಬೇಕು. ಎರಡಕ್ಕೂ ಸಮ ಒತ್ತು ಕೊಟ್ಟರೆ ಅಳು ಹೋಗಿ ಕಂಠಪಾಠ ಉಳಿಯುತ್ತದೆ. ಡಿ ಮೈನರ್‌ನಲ್ಲಿ ಸಿ ಶಾರ್ಪ್ ಬಂದಾಗ ಅದು ಡಿಗೆ ಎಳೆಯುವುದನ್ನು ಗಮನಿಸಿ. ಕೀರವಾಣಿಯ ನಿಷಾದ ಷಡ್ಜಕ್ಕೆ ಎಳೆಯುವ ಹಾಗೆಯೇ. ಹಾಡಿ ನೋಡಿ, ಬೆರಳಿಗೆ ಮೊದಲು ಗಂಟಲಿಗೆ ಗೊತ್ತಾಗುತ್ತದೆ.

ಹಳೆಯ ಅಚ್ಚುಗಳಲ್ಲಿರುವ ಸ್ವರಗಳನ್ನು ಜೋಡಿಸುವ ಕಮಾನು ಗೆರೆ, ಮೃದು-ಗಟ್ಟಿ ಸೂಚನೆಗಳು ಬಹುಪಾಲು ಸಂಪಾದಕರವು. ಪೆನ್ಸಿಲ್‌ನಲ್ಲಿ ತಿದ್ದಲು ಹೆದರಬೇಡಿ. ಪುನರಾವರ್ತನೆಯಲ್ಲಿ ಒಂದೆರಡು ಅಲಂಕಾರ ಸಾಕು: ಮೇಲಿನ ಸ್ವರದಿಂದ ಆರಂಭಿಸಿದ ಒಂದು ಟ್ರಿಲ್ (ಪಕ್ಕದ ಎರಡು ಸ್ವರಗಳ ವೇಗದ ಅದಲುಬದಲು), ಅಂತರ ತುಂಬುವ ಒಂದು ಸಣ್ಣ ಓಟ.

1942ರಲ್ಲಿ ಸಂಗೀತ ರಚನಕಾರ ಆರ್ಥರ್ ಬೆಂಜಮಿನ್ ಈ ಸೊನಾಟಾಗಳಲ್ಲಿ ಕೆಲವನ್ನು ಹೆಣೆದು, ಊದುವ ವಾದ್ಯವಾದ ಓಬೊಗೆ ಕನ್ಚೆರ್ಟೊ (ವಾದ್ಯವೃಂದದೊಂದಿಗೆ ಒಂಟಿ ವಾದ್ಯದ ಕೃತಿ) ಮಾಡಿದರು. ಓಬೊ ವಾದಕರು ಎಲ್ಲೆಲ್ಲಿ ಉಸಿರು ತೆಗೆಯುತ್ತಾರೆಂದು ಕೇಳಿ, ನಿಮ್ಮ ಪ್ರತಿಯಲ್ಲಿ ಅಲ್ಲಲ್ಲಿ ಅಲ್ಪವಿರಾಮ ಹಾಕಿಕೊಳ್ಳಿ.