ಟಿವಿಗೂ ಒಂದು ಮನೆತನದ ಹೆಸರು

2012ನೇ ಇಸವಿ. ಚೀನಾದಲ್ಲಿ ರಾಷ್ಟ್ರೀಯ ದಿನದ ರಜೆಯ ಹೊತ್ತು. ಸರ್ಕಾರಿ ಟಿವಿ ಸಿಸಿಟಿವಿಯ ವರದಿಗಾರರು ಮೈಕ್ ಹಿಡಿದು ಊರೂರು ಸುತ್ತುತ್ತಿದ್ದರು. ಸಿಕ್ಕವರಿಗೆಲ್ಲ ಒಂದೇ ಪ್ರಶ್ನೆ: ‘ನೀವು ಸುಖವಾಗಿದ್ದೀರಾ?’ ಶಾನ್‌ಶಿ ಪ್ರಾಂತ್ಯದಲ್ಲಿ ಒಬ್ಬ ಕೂಲಿಕಾರ ಸಿಕ್ಕಿದ. ‘ನಾನು ಬೇರೆ ಊರಿಂದ ದುಡಿಯೋಕೆ ಬಂದವನು, ನನ್ನನ್ನ ಕೇಳಬೇಡಿ’ ಅಂದ. ವರದಿಗಾರರು ಬಿಡಲಿಲ್ಲ. ಆಗ ಅವನು ಹೇಳಿದ: ‘ನನ್ನ ಮನೆತನದ ಹೆಸರು ಝೆಂಗ್.’

ಚೀನೀ ಭಾಷೆಯಲ್ಲಿ ‘ಶಿಂಗ್‌ಫು’ ಅಂದರೆ ಸುಖ. ಬರೀ ‘ಶಿಂಗ್’ ಅಂದರೆ ಮನೆತನದ ಹೆಸರು. ‘ನಿಮ್ಮ ಮನೆತನ ಫು ಅಲ್ವಾ?’ ಅಂತ ಅವನಿಗೆ ಕೇಳಿಸಿತೋ, ಕೇಳಿಸಿದ ಹಾಗೆ ಮಾಡಿದನೋ, ಅವನೇ ಬಲ್ಲ. ಜನ ಬಿದ್ದು ಬಿದ್ದು ನಕ್ಕರು. ಇದನ್ನು ಪ್ರಸಾರ ಮಾಡಿದ್ದು ಮತ್ಯಾರೂ ಅಲ್ಲ, ಸಿಸಿಟಿವಿಯೇ. ಅಲ್ಲಿ ಸರ್ಕಾರಿ ಟಿವಿಯನ್ನು ಗೇಲಿ ಮಾಡುವವರು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಸರಕೆಲ್ಲ ಟಿವಿಯಿಂದಲೇ ಬರುತ್ತದೆ.

ಈ ಸರಕಿನ ದೊಡ್ಡ ಉಗ್ರಾಣ ಸಂಜೆ 7ರ ವಾರ್ತೆ, ‘ಶಿನ್‌ವೆನ್ ಲಿಯಾನ್‌ಬೋ’. ಶುರುವಾಗಿದ್ದು 1978ರ ಜನವರಿ 1ರಂದು. ಅರ್ಧ ಗಂಟೆಯ ಕಾರ್ಯಕ್ರಮ. ಪ್ರಾಂತ್ಯಗಳ ಮುಖ್ಯ ಚಾನೆಲ್‌ಗಳೂ ಅದನ್ನೇ ಅದೇ ಹೊತ್ತಿಗೆ ಹಾಕಬೇಕು. ರಿಮೋಟ್ ಒತ್ತಿದರೂ ಅದೇ ಮುಖ. ಯಾವ ಸುದ್ದಿ ಮೊದಲು ಅನ್ನೋದು ಸುದ್ದಿಯ ತೂಕ ನೋಡಿ ಅಲ್ಲ, ನಾಯಕರ ಸ್ಥಾನ ನೋಡಿ. ದೊಡ್ಡ ಸಭೆಗಳಿದ್ದ ದಿನ ಅರ್ಧ ಗಂಟೆ ಮೀರಿದರೂ ಕೇಳುವವರಿಲ್ಲ. ಜನ ಇದಕ್ಕೊಂದು ವೇಳಾಪಟ್ಟಿ ಮಾಡಿಕೊಂಡಿದ್ದಾರೆ: ಮೊದಲ ಹತ್ತು ನಿಮಿಷ ನಾಯಕರಿಗೆ ಬಿಡುವಿಲ್ಲ, ನಡುವಿನ ಹತ್ತು ನಿಮಿಷ ಜನ ಸುಖವಾಗಿದ್ದಾರೆ, ಕೊನೆಯ ಹತ್ತು ನಿಮಿಷ ಹೊರದೇಶಗಳಲ್ಲಿ ಗಲಾಟೆ.

ಆಳುವ ಕಮ್ಯುನಿಸ್ಟ್ ಪಕ್ಷಕ್ಕೆ ಇದು ಗೊತ್ತಿರಲಿಲ್ಲ ಅಂತಲ್ಲ. ಮಾವೋ ಕಾಲದ ಪೂಜೆ ನೋಡಿ ಸಾಕಾಗಿ, 1982ರಲ್ಲಿ ವ್ಯಕ್ತಿಪೂಜೆ ಕೂಡದು ಅಂತ ಪಕ್ಷದ ಸಂವಿಧಾನದಲ್ಲೇ ಬರೆದುಕೊಂಡಿದ್ದರು. ನಾಯಕರ ಸಭೆ ಸಮಾರಂಭಗಳ ವರದಿ ಕಡಿಮೆ ಮಾಡಿ ಅಂತ 2003ರಲ್ಲಿ ಪಕ್ಷದ ಆಗಿನ ಮುಖ್ಯಸ್ಥ ಹು ಜಿಂಟಾವೋ ಕಾಲದಲ್ಲೂ ತೀರ್ಮಾನವಾಗಿತ್ತು. 2012ರ ನವೆಂಬರ್‌ನಲ್ಲಿ ಷಿ ಜಿನ್‌ಪಿಂಗ್ ಪಕ್ಷದ ಮುಖ್ಯಸ್ಥರಾದರು. ಮರು ತಿಂಗಳೇ ‘ಎಂಟು ನಿಯಮ’ ಬಂತು. ಅದರಲ್ಲೊಂದು: ನಾಯಕರ ಸುದ್ದಿಯ ಸಂಖ್ಯೆ, ಪದ, ಅವಧಿ ಎಲ್ಲ ಇಳಿಸಬೇಕು! ಆಮೇಲೆ ಆದದ್ದು ನೋಡಿದರೆ ಇದೇ ಒಂದು ಒಳ್ಳೆಯ ಜೋಕ್.

2013ರ ಡಿಸೆಂಬರ್ 28ರಂದು ಷಿ ಬೀಜಿಂಗ್‌ನ ಚಿಂಗ್‌ಫೆಂಗ್ ಅನ್ನೋ ತಿಂಡಿ ಅಂಗಡಿಗೆ ಹೋದರು. ಸಾಲಿನಲ್ಲಿ ನಿಂತರು, 21 ಯುವಾನ್ ತಾವೇ ಕೊಟ್ಟರು, ತಟ್ಟೆ ತಾವೇ ಹಿಡಿದು ಬಂದರು. ಆರು ಬಾವೋಝಿ (ಒಳಗೆ ಹಂದಿಮಾಂಸ ತುಂಬಿ ಹಬೆಯಲ್ಲಿ ಬೇಯಿಸಿದ್ದು, ನಮ್ಮ ಕಡುಬಿನ ದೂರದ ನೆಂಟ), ಒಂದು ಬಟ್ಟಲು ಸಾರು, ಒಂದಿಷ್ಟು ಸೊಪ್ಪು. ಜನರ ನಡುವಿನ ಮನುಷ್ಯ ಅಂತ ಸರ್ಕಾರಿ ಮಾಧ್ಯಮಗಳು ಕೊಂಡಾಡಿದವು. ಅಂಗಡಿ ಮುಂದೆ ಸಾಲು ಬೆಳೆಯಿತು. ಜೊತೆಗೆ ‘ಷಿ ಬಾವೋಝಿ’ ಅನ್ನೋ ಅಡ್ಡಹೆಸರೂ ಹುಟ್ಟಿತು. ಸ್ವಲ್ಪ ದಿನದಲ್ಲೇ ಇಂಟರ್ನೆಟ್‌ನಲ್ಲಿ ಆ ಹೆಸರಿಗೆ ಕತ್ತರಿ ಬಿತ್ತು. ಕಾರ್ಟೂನ್ ಕರಡಿ ವಿನ್ನಿ ದ ಪೂ ಕಥೆಯೂ ಹೀಗೇ. ಅದೇ ವರ್ಷ ಷಿ ಒಬಾಮಾ ಜೊತೆ ನಡೆದು ಹೋಗುವ ಫೋಟೊ ಪಕ್ಕ ಯಾರೋ ಪೂ ಮತ್ತು ಹುಲಿಯ ಚಿತ್ರ ಇಟ್ಟರು. 2015ರ ಸೇನಾ ಮೆರವಣಿಗೆಯಲ್ಲಿ ಷಿ ಕಾರಿನ ಮೇಲ್ಛಾವಣಿಯಿಂದ ಎದೆ ಎತ್ತಿ ನಿಂತಿದ್ದ ಗಂಭೀರ ದೃಶ್ಯದ ಪಕ್ಕ ಆಟಿಕೆ ಕಾರಿನಲ್ಲಿ ನಿಂತ ಪೂ ಬಂದ. ಅಳಿಸಿದಷ್ಟೂ ಹೋಲಿಕೆ ಗಟ್ಟಿಯಾಯಿತು. ಸುಮ್ನೆ ಬಿಟ್ಟಿದ್ದರೆ ಒಂದು ವಾರದಲ್ಲಿ ಜನ ಮರೆಯುತ್ತಿದ್ದರೇನೋ.

2016ರ ಫೆಬ್ರವರಿ 19ರಂದು ಷಿ ಸಿಸಿಟಿವಿ ಕಚೇರಿಗೇ ಬಂದರು. ಅಲ್ಲಿನ ದೊಡ್ಡ ಪರದೆಯ ಮೇಲೆ ಹೀಗೆ ಬರೆದಿತ್ತು: ‘ಸಿಸಿಟಿವಿಯ ಮನೆತನದ ಹೆಸರು ಪಕ್ಷ. ಸಂಪೂರ್ಣ ನಿಷ್ಠೆ. ದಯವಿಟ್ಟು ಪರಿಶೀಲಿಸಿ.’ ಅದೇ ‘ಶಿಂಗ್’ ಪದ! ನಾಲ್ಕು ವರ್ಷದ ಹಿಂದೆ ಕೂಲಿಕಾರ ಉತ್ತರ ಕೊಟ್ಟಿದ್ದ. ಈಗ ಟಿವಿಯೂ ತನ್ನ ಮನೆತನ ಹೇಳಿಕೊಂಡಿತು. ಇವನು ಹೇಳಿದ್ದು ತಮಾಷೆಯಾಯಿತು, ಅದು ಹೇಳಿದ್ದು ನೀತಿ. ರಿಯಲ್ ಎಸ್ಟೇಟ್ ಕುಳ ರೆನ್ ಝಿಚಿಯಾಂಗ್ ಇದನ್ನು ಬಹಿರಂಗವಾಗಿ ಪ್ರಶ್ನಿಸಿದರು. 3.7 ಕೋಟಿ ಹಿಂಬಾಲಕರಿದ್ದ ಅವರ ವೈಬೋ (ಟ್ವಿಟರ್‌ನಂಥ ಚೀನೀ ಜಾಲತಾಣ) ಖಾತೆ ಮಾಯವಾಯಿತು. 2020ರಲ್ಲಿ ಕೋವಿಡ್ ನಿರ್ವಹಣೆ ಬಗ್ಗೆ ಬರೆಯುತ್ತಾ, ಹೆಸರು ಹೇಳದೆ, ಬಟ್ಟೆ ಕಳಚಿದರೂ ಚಕ್ರವರ್ತಿಯಾಗಲು ಹಟ ಹಿಡಿದ ಕೋಡಂಗಿ ಕಾಣಿಸಿದ ಅಂದರು. ಅದೇ ವರ್ಷ ಭ್ರಷ್ಟಾಚಾರದ ಆರೋಪದ ಮೇಲೆ 18 ವರ್ಷ ಜೈಲಾಯಿತು.

ಬಟ್ಟೆ ಅಂದಾಗ ನೆನಪಾಯಿತು. 2016ರ ಸೆಪ್ಟೆಂಬರ್‌ನಲ್ಲಿ ಹಾಂಗ್‌ಝೌನಲ್ಲಿ ಜಿ20 ಸಭೆ. ಷಿ ಭಾಷಣದಲ್ಲಿ ಒಂದು ಹಳೆಯ ಮಾತು ಓದಿದರು: ಸುಂಕ ಇಳಿಸು, ದಾರಿ ಸಲೀಸು ಮಾಡು, ವ್ಯಾಪಾರ ಬೆಳೆಸು, ರೈತರ ಹೊರೆ ತಗ್ಗಿಸು. ಚೀನೀ ಲಿಪಿಯಲ್ಲಿ ರೈತ ಅನ್ನೋ ಅಕ್ಷರಕ್ಕೂ ಬಟ್ಟೆ ಅನ್ನೋ ಅಕ್ಷರಕ್ಕೂ ಒಂದೆರಡು ಗೆರೆಯ ವ್ಯತ್ಯಾಸ. ಷಿ ಬಾಯಲ್ಲಿ ಬಂದದ್ದು ‘ಬಟ್ಟೆ ಬಿಚ್ಚು’. ಆಮೇಲೆ ಆ ಎರಡು ಅಕ್ಷರದ ಪದವೇ ಇಂಟರ್ನೆಟ್‌ನಲ್ಲಿ ಅಪರಾಧವಾಯಿತು. ನಮ್ಮಲ್ಲೂ ಒಮ್ಮೆ ಇಂಥದ್ದಾಗಿತ್ತು. 2014ರ ಸೆಪ್ಟೆಂಬರ್‌ನಲ್ಲಿ ಷಿ ಭಾರತಕ್ಕೆ ಬಂದಾಗ ದೂರದರ್ಶನದ ವಾರ್ತಾವಾಚಕಿಯೊಬ್ಬರು ಅವರ ಹೆಸರಿನ ಎಕ್ಸ್, ಐ ಅಕ್ಷರಗಳನ್ನು ರೋಮನ್ ಅಂಕಿ ಅಂದುಕೊಂಡು ‘ಇಲೆವೆನ್ ಜಿನ್‌ಪಿಂಗ್’ ಅಂತ ಓದಿಬಿಟ್ಟರು. ಅವರ ಕೆಲಸ ಹೋಯಿತು, ಆದರೆ ನಗುವುದಕ್ಕೆ ಇಲ್ಲಿ ಯಾರ ಅಡ್ಡಿಯೂ ಇರಲಿಲ್ಲ.

2018ರಲ್ಲಿ ಚೀನಾದ ಸಂಸತ್ತಿನ ಅಧಿವೇಶನದಲ್ಲಿ ಅಧ್ಯಕ್ಷರ ಅವಧಿಯ ಮಿತಿ ತೆಗೆದರು. ಪರವಾಗಿ 2,958 ಮತ, ವಿರುದ್ಧ ಎರಡೇ ಎರಡು. ‘ಪಟ್ಟಾಭಿಷೇಕ’ದಂಥ ಪದಗಳನ್ನು ಹುಡುಕದಂತೆ ತಡೆದರು, ಕೆಲ ಹೊತ್ತು ಇಂಗ್ಲಿಷ್‌ನ ಎನ್ ಅಕ್ಷರವನ್ನೂ ಬಿಡಲಿಲ್ಲ. ಮತ ಹಾಕಿದ ಎರಡು ದಿನಕ್ಕೆ, ಅದೇ ಅಧಿವೇಶನದ ಸುದ್ದಿಗೋಷ್ಠಿ ಟಿವಿಯಲ್ಲಿ ನೇರಪ್ರಸಾರವಾಗುತ್ತಿತ್ತು. ಕೆಂಪು ಕೋಟಿನ ವರದಿಗಾರ್ತಿ ಮುಗಿಯದ, ಹೊಗಳಿಕೆ ತುಂಬಿದ ಪ್ರಶ್ನೆ ಕೇಳುತ್ತಿದ್ದರು. ಪಕ್ಕದಲ್ಲಿದ್ದ ನೀಲಿ ಕೋಟಿನ ವರದಿಗಾರ್ತಿ ಮೇಲಿಂದ ಕೆಳಗೆ ಒಮ್ಮೆ ನೋಡಿದರು, ಕಣ್ಣುಗುಡ್ಡೆ ಪೂರ್ತಿ ಮೇಲೆ ತಿರುಗಿಸಿ ಮುಖ ಆ ಕಡೆ ಮಾಡಿದರು. ಅಷ್ಟೇ. ಆ ದೃಶ್ಯ ಇಂಟರ್ನೆಟ್ ತುಂಬ ಹಬ್ಬಿತು, ನೀಲಿ ಕೋಟು ಮೊಬೈಲ್ ಕವರ್ ಮೇಲೂ ಬಂತು.

ಆಮೇಲೆ 2022. ಅಕ್ಟೋಬರ್ 22ರಂದು ಪಕ್ಷದ ಮಹಾಧಿವೇಶನದಲ್ಲಿ ಷಿ ಪಕ್ಕ ಕೂತಿದ್ದ ಹು ಜಿಂಟಾವೋ ಅವರನ್ನು ತೋಳು ಹಿಡಿದು ಎಬ್ಬಿಸಿ ಕರೆದುಕೊಂಡು ಹೋದರು. ಜಗತ್ತೆಲ್ಲ ನೋಡಿತು. ಆ ಸಂಜೆಯ 7ರ ವಾರ್ತೆಯಲ್ಲಿ ಆ ದೃಶ್ಯ ಇರಲಿಲ್ಲ. ಮುಂದಿನ ತಿಂಗಳು ಕತಾರ್‌ನಲ್ಲಿ ಫುಟ್‌ಬಾಲ್ ವಿಶ್ವಕಪ್. ಚೀನಾದ ಎಷ್ಟೋ ಊರುಗಳ ಜನ ಇನ್ನೂ ಕೋವಿಡ್ ಲಾಕ್‌ಡೌನ್‌ನಲ್ಲಿ ಮನೆಯೊಳಗಿದ್ದರು. ಗೋಲು ಬಿದ್ದಾಗ ಬೇರೆ ದೇಶಗಳ ಟಿವಿಗಳು ಪ್ರೇಕ್ಷಕರನ್ನು ಹತ್ತಿರದಿಂದ ತೋರಿಸುತ್ತಿದ್ದವು: ಮಾಸ್ಕ್ ಇಲ್ಲ, ಒಬ್ಬರ ಮೇಲೊಬ್ಬರು ಬಿದ್ದು ಕುಣಿತ. ಹೊರದೇಶದವರು ಗಲಾಟೆ ಬಿಟ್ಟು ಖುಷಿಯಾಗಿದ್ದರು, ಅದೇ ತೊಂದರೆ. ಸಿಸಿಟಿವಿಯಲ್ಲಿ ಎಷ್ಟೋ ಸಲ ಆ ಹೊತ್ತಿಗೆ ಸರಿಯಾಗಿ ಕೋಚ್‌ನ ಮುಖ ಕಾಣಿಸುತ್ತಿತ್ತು.