‘ಫಾಲೀಸ್’: ಹಳಹಳಿಕೆ ಮತ್ತು ಪ್ಯಾಸ್ಟೀಷ್ ಕುರಿತು ವಿದ್ಯಾರ್ಥಿಗಳಿಗೊಂದು ಟಿಪ್ಪಣಿ

ಪ್ಯಾಸ್ಟೀಷ್ ಎಂಬ ಪದವನ್ನು ಅಣಕವಾಡು ಎಂದು ಅರ್ಥ ಮಾಡಿಕೊಂಡು ಓದಲು ಕುಳಿತರೆ ಅಮೆರಿಕದ ಮ್ಯೂಸಿಕಲ್‌ಗಳ (ಹಾಡು ಕುಣಿತಗಳ ಮೂಲಕ ಕಥೆ ಹೇಳುವ ನಾಟಕಗಳ) ಬಗ್ಗೆ ತಪ್ಪು ತಿಳಿವಳಿಕೆ ಆರಂಭದಲ್ಲೇ ಬೇರೂರುತ್ತದೆ. ಅಣಕವಾಡು ಮೂಲವನ್ನು ಗೇಲಿ ಮಾಡುತ್ತದೆ. ಪ್ಯಾಸ್ಟೀಷ್‌ನಲ್ಲಿ ಸಂಯೋಜಕನು ಹಿಂದಿನ ಕಾಲದ ಧಾಟಿ, ಪ್ರಾಸದ ರೀತಿ ಮತ್ತು ವಾದ್ಯಮೇಳದ ಬಣ್ಣವನ್ನು ಮೈಗೂಡಿಸಿಕೊಂಡು, ಆ ಕಾಲದಲ್ಲೇ ಹುಟ್ಟಬಹುದಾಗಿದ್ದ ಹೊಸ ಹಾಡೊಂದನ್ನು ಕಟ್ಟುತ್ತಾನೆ. ಹಾಡು ಹೊಸದೆಂದು ಗೊತ್ತಿದ್ದರೂ ಎಲ್ಲೋ ಕೇಳಿದ್ದೇವೆ ಎಂದು ಕೇಳುಗರಿಗೆ ಅನಿಸುತ್ತದೆ. ಈ ಅನಿಸಿಕೆಯನ್ನು ಸುಮ್ಮನೆ ಸುಖಕ್ಕಾಗಿ ಬಳಸುವ ನಾಟಕಗಳು ಬೇಕಾದಷ್ಟಿವೆ. ಅದನ್ನು ಹಳಹಳಿಕೆಯ ವಿರುದ್ಧವೇ ತಿರುಗಿಸಿದ ನಾಟಕ ‘ಫಾಲೀಸ್’.

ಸ್ಟೀಫನ್ ಸಾಂಡ್‌ಹೈಮ್ ಅವರ ಸಂಗೀತ ಮತ್ತು ಸಾಹಿತ್ಯ, ಜೇಮ್ಸ್ ಗೋಲ್ಡ್‌ಮನ್ ಅವರ ಸಂಭಾಷಣೆ ಹಾಗೂ ಹೆರಾಲ್ಡ್ ಪ್ರಿನ್ಸ್ ಮತ್ತು ಮೈಕಲ್ ಬೆನೆಟ್ ಅವರ ಜಂಟಿ ನಿರ್ದೇಶನದಲ್ಲಿ ಈ ನಾಟಕವು 1971ರ ಏಪ್ರಿಲ್ 4ರಂದು ನ್ಯೂಯಾರ್ಕಿನ ವಿಂಟರ್ ಗಾರ್ಡನ್ ರಂಗಮಂದಿರದಲ್ಲಿ ತೆರೆಕಂಡಿತು. ಕೆಡವಲಾಗುತ್ತಿದ್ದ ರಾಕ್ಸಿ ಚಿತ್ರಮಂದಿರದ ಅವಶೇಷಗಳ ನಡುವೆ ನಟಿ ಗ್ಲೋರಿಯಾ ಸ್ವಾನ್ಸನ್ ತೋಳು ಚಾಚಿ ನಿಂತಿದ್ದ 1960ರ ಛಾಯಾಚಿತ್ರವೊಂದು ಇದರ ರೂಪಕ್ಕೆ ಪ್ರೇರಣೆಯಾಗಿತ್ತು. ಕಥೆಯ ಹಂದರ ತೀರಾ ತೆಳು. ವಾಹನ ನಿಲುಗಡೆಗಾಗಿ ನೆಲಸಮವಾಗಲಿರುವ ಒಂದು ರಂಗಮಂದಿರದಲ್ಲಿ, ಎರಡು ಮಹಾಯುದ್ಧಗಳ ನಡುವಿನ ವರ್ಷಗಳಲ್ಲಿ ಅಲ್ಲಿ ಕುಣಿದು ಹಾಡಿದ್ದ ಹೆಂಗಸರು ಕೊನೆಯ ಬಾರಿಗೆ ಸೇರುತ್ತಾರೆ. ಬೆನ್ ಮತ್ತು ಫಿಲಿಸ್, ಬಡ್ಡಿ ಮತ್ತು ಸ್ಯಾಲಿ ಎಂಬ ಎರಡು ದಂಪತಿಗಳ ಹಳಸಿದ ದಾಂಪತ್ಯ ಆ ರಾತ್ರಿ ಬಯಲಾಗುತ್ತದೆ. ಅವರ ಯೌವನದ ರೂಪಗಳು ಬೇರೆ ನಟನಟಿಯರಾಗಿ, ನೆರಳಿನಂತೆ, ಅದೇ ರಂಗದ ಮೇಲೆ ಓಡಾಡುತ್ತಿರುತ್ತವೆ.

ಇಲ್ಲಿ ನೆನಪಾಗುವ ಮೂಲ ‘ಜೀಗ್‌ಫೆಲ್ಡ್ ಫಾಲೀಸ್’. 1907ರಲ್ಲಿ ಆರಂಭವಾದ ಆ ವೈಭವದ ಪ್ರದರ್ಶನಗಳಲ್ಲಿ ಸುಂದರಿಯರು ಮೆಟ್ಟಿಲಿಳಿದು ಬರುವುದೇ ದೊಡ್ಡ ಆಕರ್ಷಣೆ. 1919ರ ಪ್ರದರ್ಶನಕ್ಕಾಗಿ ಅರ್ವಿಂಗ್ ಬರ್ಲಿನ್ ರಚಿಸಿದ, ಚೆಲುವೆಯನ್ನು ರಾಗಕ್ಕೆ ಹೋಲಿಸುವ ಹಾಡು ಅದರ ಗುರುತಾಯಿತು. ಸಾಂಡ್‌ಹೈಮ್ ಅದೇ ಧಾಟಿಯಲ್ಲಿ ‘ಬ್ಯೂಟಿಫುಲ್ ಗರ್ಲ್ಸ್’ ಬರೆದರು. ಹಾಡಿನಲ್ಲಿ ಒಂದಿಷ್ಟೂ ವ್ಯಂಗ್ಯವಿಲ್ಲ. ಟೆನರ್ (ಗಂಡಸರ ಎತ್ತರದ ಶ್ರುತಿಯ) ಕಂಠದ ಗಾಯಕ ನಿಜವಾದ ಗೌರವದಿಂದಲೇ ಹಾಡುತ್ತಾನೆ. ಮೆಟ್ಟಿಲಿಳಿಯುವವರು ಮಾತ್ರ ವಯಸ್ಸಾದ ಹೆಂಗಸರು, ತಾವು ಕುಣಿದ ವರ್ಷವನ್ನು ಬರೆದ ಪಟ್ಟಿಯನ್ನು ಎದೆಗಡ್ಡವಾಗಿ ಧರಿಸಿದವರು. ಹಾಡು ಹೇಳುವುದಕ್ಕೂ ಕಣ್ಣು ಕಾಣುವುದಕ್ಕೂ ನಡುವಿನ ಈ ಅಂತರವನ್ನು ಗುರುತಿಸಿದರೆ ಇಡೀ ನಾಟಕದ ಕೀಲಿಕೈ ಸಿಕ್ಕಂತೆ. ಅಣಕವಾಡಾಗಿದ್ದರೆ ಆ ಅಂತರ ನಗೆಯಲ್ಲೇ ಮುಗಿದುಹೋಗುತ್ತಿತ್ತು.

ನಾಟಕದ ಹಾಡುಗಳನ್ನು ಎರಡು ಬಗೆಯಾಗಿ ನೋಡುವುದು ಅನುಕೂಲ. ಪಾತ್ರಗಳು ತಮ್ಮ ಈಗಿನ ಬದುಕನ್ನು ಕುರಿತು ಹಾಡುವಾಗ ಸಂಗೀತವು ಸಾಂಡ್‌ಹೈಮ್ ಅವರದೇ ಶೈಲಿಯಲ್ಲಿದ್ದು, ಸ್ವರಸಂಗತಿ ತೊಡಕಾಗಿ, ಮಾತು ತಡೆತಡೆದು ಬರುತ್ತದೆ. ಹಳೆಯ ಪ್ರದರ್ಶನದ ಹಾಡುಗಳು ಪ್ಯಾಸ್ಟೀಷ್. ‘ಒನ್ ಮೋರ್ ಕಿಸ್’ ಹಿಂದಿನ ಕಾಲದ ಸಂಯೋಜಕರಾದ ರೋಂಬರ್ಗ್ ಮತ್ತು ಫ್ರಿಮ್ಲ್ ಅವರ ಅಪೆರೆಟಾಗಳ (ಹಗುರ ಗೀತನಾಟಕಗಳ) ವಾಲ್ಟ್ಸ್ ಎಂಬ ಮೂರು ಎಣಿಕೆಯ ನೃತ್ಯಲಯದಲ್ಲಿದೆ. ಅದನ್ನು ಮುಪ್ಪಿನ ಗಾಯಕಿ ಹೈಡಿ ಆರಂಭಿಸಿದಾಗ ಅವಳ ಯೌವನದ ರೂಪವೂ ದನಿಗೂಡಿಸುತ್ತದೆ. ಮುದಿಗಂಠ ಮುಟ್ಟಲಾರದ ಸ್ವರಗಳನ್ನು ಎಳೆಯ ಕಂಠ ಸಲೀಸಾಗಿ ತಲುಪುವುದನ್ನು ಕೇಳಿದವರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಕೊನೆಯ ಭಾಗದಲ್ಲಿ ಈ ಎರಡು ಬಗೆಗಳ ನಡುವಿನ ಗೆರೆ ಅಳಿಸಿಹೋಗುತ್ತದೆ. ‘ಲವ್‌ಲ್ಯಾಂಡ್’ ಎಂಬ ಕಲ್ಪನಾ ಲೋಕದಲ್ಲಿ ನಾಲ್ವರೂ ತಮ್ಮ ಇಂದಿನ ಸಂಕಟವನ್ನು ಹಳೆಯ ಧಾಟಿಗಳಲ್ಲೇ ಹಾಡಬೇಕಾಗುತ್ತದೆ. ಸ್ಯಾಲಿಯ ‘ಲೂಸಿಂಗ್ ಮೈ ಮೈಂಡ್’ ಹಾಡಿಗೆ ಜಾರ್ಜ್ ಗರ್ಶ್ವಿನ್ ಅವರ ‘ದ ಮ್ಯಾನ್ ಐ ಲವ್’ ಮಾದರಿ. ಒಂದೇ ಧಾಟಿ ಎರಡು ಸಲ ಬಂದು, ನಡುವೆ ಬೇರೊಂದು ಧಾಟಿ ಸುಳಿದು, ಮತ್ತೆ ಮೊದಲಿನದಕ್ಕೇ ಮರಳುವ ಕಟ್ಟು ಆ ಕಾಲದ ಪ್ರೇಮಗೀತೆಗಳಲ್ಲಿ ಸಾಮಾನ್ಯವಾಗಿತ್ತು. ಇಲ್ಲಿ ಆ ಮರಳುವಿಕೆಯೇ ರೋಗಲಕ್ಷಣ: ಬೆಳಗಿನ ಕಾಫಿಯಿಂದ ರಾತ್ರಿ ದೀಪ ತಗ್ಗಿಸುವವರೆಗೆ ಅವಳ ಯೋಚನೆ ಬೆನ್‌ನ ಸುತ್ತಲೇ ತಿರುಗುತ್ತದೆ. ಕನ್ನಡದಲ್ಲೂ ‘ಅವಳಿಗೆ ಅವನ ಹುಚ್ಚು’ ಎಂಬ ಮಾತನ್ನು ಪ್ರೀತಿಯ ಅರ್ಥದಲ್ಲಿ ಹಗುರಾಗಿ ಬಳಸುತ್ತೇವಲ್ಲ, ಹಾಡಿನ ಶೀರ್ಷಿಕೆಯಲ್ಲೂ ಅಂಥದೇ ಸಲಿಗೆಯಿದೆ. ಹಾಡು ಮುಗಿಯುವ ಹೊತ್ತಿಗೆ ಆ ಹುಚ್ಚು ಮಾತಿನ ಅಲಂಕಾರವಾಗಿ ಉಳಿದಿರುವುದಿಲ್ಲ.

ಅದೇ 1971ರ ಜನವರಿಯಲ್ಲಿ, 1925ರ ಮ್ಯೂಸಿಕಲ್ ‘ನೋ, ನೋ, ನ್ಯಾನೆಟ್’ ನ್ಯೂಯಾರ್ಕಿನ ರಂಗಮಂದಿರಗಳ ವಲಯವಾದ ಬ್ರಾಡ್‌ವೇಗೆ ಮರಳಿ 861 ಪ್ರದರ್ಶನ ಕಂಡಿತು. ‘ಫಾಲೀಸ್’ 522ಕ್ಕೆ ನಿಂತಿತು. ಬ್ರಾಡ್‌ವೇ ನಾಟಕಗಳಿಗೆ ಕೊಡುವ ಟೋನಿ ಪ್ರಶಸ್ತಿಗಳಲ್ಲಿ ಏಳನ್ನು ಗಳಿಸಿದರೂ ಹಾಕಿದ ಹಣ ಹಿಂದಿರುಗಲಿಲ್ಲ. ಹಳಹಳಿಕೆ ಬೇಕಾದವರಿಗೆ ಪಕ್ಕದಲ್ಲೇ ಅಪ್ಪಟ ಸರಕು ಸಿಗುತ್ತಿದ್ದಾಗ ಈ ಕಹಿಯನ್ನು ಯಾರು ಬಯಸುತ್ತಾರೆ ಎಂದು ನನಗೆ ಅನಿಸುತ್ತದೆ. 1975ರ ಮ್ಯೂಸಿಕಲ್ ‘ಶಿಕಾಗೊ’ ಕೂಡ ವಾಡ್‌ವಿಲ್ (ಹಾಡು, ಕುಣಿತ, ಹಾಸ್ಯಗಳ ಹಳೆಯ ಬಿಡಿ ಪ್ರದರ್ಶನ) ಧಾಟಿಗಳನ್ನು ತೀಕ್ಷ್ಣವಾಗಿ ಬಳಸಿತು, ಆದರೆ ಅಲ್ಲಿನ ಗುರಿ ಸಮಾಜದ ಮೋಸ, ನೆನಪಿನ ಮೋಸವಲ್ಲ.

ಪರೀಕ್ಷೆಯ ದೃಷ್ಟಿಯಿಂದ ಬೆನ್‌ನ ‘ಲಿವ್, ಲಾಫ್, ಲವ್’ ದೃಶ್ಯವನ್ನು ಬಿಡಬಾರದು. ನರ್ತಕರ ಸಾಲನ್ನು ಹಿಂದಿಟ್ಟುಕೊಂಡು ನಿಶ್ಚಿಂತ ಸಿರಿವಂತನಂತೆ ಹಾಡುತ್ತಿದ್ದವನು ನಡುವೆ ಸಾಲು ಮರೆಯುತ್ತಾನೆ. ನಟನೇ ಮರೆತನೇನೋ ಎಂದು ಪ್ರೇಕ್ಷಕರಿಗೆ ಒಂದು ಕ್ಷಣ ಗಾಬರಿಯಾಗುತ್ತದೆ. ಅವನು ವಾದ್ಯಮೇಳದ ನಿರ್ವಾಹಕನ ಕಡೆ ತಿರುಗಿ ಮುಂದಿನ ಪದವನ್ನು ಕೇಳುತ್ತಾನೆ, ತಡವರಿಸುತ್ತಾನೆ, ಕುಸಿಯುತ್ತಾನೆ. ಹಿಂದಿನ ಸಾಲು ಏನೂ ಆಗಿಲ್ಲವೆಂಬಂತೆ ಕುಣಿಯುತ್ತಲೇ ಇರುತ್ತದೆ.