24 ಗಂಟೆ ಆಗಲಿ ಎಂದು ಕಾಯಬೇಕೇ?

ಪ್ರಶ್ನೆ: ಬೆಳಿಗ್ಗೆ ನನ್ನ ತಮ್ಮನನ್ನು ವಿಚಾರಣೆಗೆಂದು ಠಾಣೆಗೆ ಕರೆದುಕೊಂಡು ಹೋದರು. ಸಂಜೆಯಾದರೂ ಬಿಟ್ಟಿಲ್ಲ. ಕೇಳಿದರೆ ‘ಅರೆಸ್ಟ್ ಮಾಡಿಲ್ಲ, ಸುಮ್ಮನೆ ಕೂರಿಸಿದ್ದೇವೆ’ ಎನ್ನುತ್ತಾರೆ. ಪೊಲೀಸರಿಗೆ ಯಾರನ್ನಾದರೂ 24 ಗಂಟೆ ಇಟ್ಟುಕೊಳ್ಳುವ ಅಧಿಕಾರ ಇದೆಯಂತಲ್ಲ, ಅಲ್ಲಿಯವರೆಗೆ ನಾವು ಕಾಯಲೇಬೇಕೇ?

ಉತ್ತರ: ಬೇಡ, ಈಗಲೇ ಹೋಗಿ. ಒಬ್ಬರೇ ಹೋಗಬೇಡಿ, ಜೊತೆಗೆ ಇನ್ನೊಬ್ಬರಿರಲಿ. ‘ದಸ್ತಗಿರಿ ಆಗಿದೆಯೇ, ಆಗಿದ್ದರೆ ಯಾವ ಪ್ರಕರಣದಲ್ಲಿ, ಎಷ್ಟು ಗಂಟೆಗೆ’ ಎಂದು ಕೇಳಿ. ವಕೀಲರ ಪರಿಚಯವಿಲ್ಲದಿದ್ದರೆ 15100ಕ್ಕೆ ಕರೆ ಮಾಡಿ. ಅದು ಕಾನೂನು ಸೇವೆಗಳ ಪ್ರಾಧಿಕಾರದ ಸಹಾಯವಾಣಿ. ಪೊಲೀಸರ ವಶದಲ್ಲಿರುವವರಿಗೆ ಉಚಿತ ವಕೀಲರನ್ನು ಕೊಡಬೇಕೆಂದು 1987ರ ಕಾಯ್ದೆಯೇ ಹೇಳುತ್ತದೆ, ಅದಕ್ಕೆ ವರಮಾನದ ಪ್ರಮಾಣಪತ್ರ ಬೇಕಿಲ್ಲ.

ಇನ್ನು ಆ ‘ಇದೆಯಂತಲ್ಲ’ದ ವಿಷಯ. ನಮ್ಮ ಕಾನೂನು ನೆರವು ಗುಂಪಿಗೆ ಬರುವ ಕರೆಗಳಲ್ಲಿ ಈ ಮಾತನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಓದಿದವರು, ಓದದವರು, ನಿವೃತ್ತ ಗುಮಾಸ್ತರು, ಒಮ್ಮೆ ಕರಿಕೋಟು ಹಾಕಿದವರೊಬ್ಬರೂ ಇದನ್ನೇ ಹೇಳಿದರು. ಎಲ್ಲರ ತಲೆಯಲ್ಲೂ ಒಂದೇ ಚಿತ್ರ: ಪೊಲೀಸರ ಕೈಯಲ್ಲಿ 24 ಗಂಟೆಯ ಒಂದು ಕೂಪನ್ ಇದೆ, ಯಾರ ಮೇಲೆ ಬೇಕಾದರೂ ಅದನ್ನು ಬಳಸಬಹುದು, ಮುಗಿಯುವ ತನಕ ಕೇಳುವಂತಿಲ್ಲ.

ಅಂಥ ಕೂಪನ್ ಯಾವ ಕಾನೂನಿನಲ್ಲೂ ಇಲ್ಲ. ಸಂವಿಧಾನದ 22ನೇ ವಿಧಿ ಹೇಳುವುದು, ಬಂಧಿಸಿದವರನ್ನು 24 ಗಂಟೆಯೊಳಗೆ ಹತ್ತಿರದ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು ಎಂದು. ಪೊಲೀಸರಿಗೆ ಹಾಕಿದ ಗಡುವು ಅದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 58ನೇ ಕಲಂ ಓದಿ ನೋಡಿ. ಅದರ ಮೊದಲ ಭಾಗವನ್ನು ಯಾರೂ ಬಾಯಿಗೆ ತರುವುದಿಲ್ಲ: ವಾರಂಟ್ ಇಲ್ಲದೆ ಬಂಧಿಸಿದವರನ್ನು ಪ್ರಕರಣದ ಸಂದರ್ಭಕ್ಕೆ ಸಮಂಜಸವಾದ ಅವಧಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. 24 ಗಂಟೆ ಬರುವುದು ಅದರ ನಂತರ, ಯಾವ ಕಾರಣಕ್ಕೂ ದಾಟಬಾರದ ಗೆರೆಯಾಗಿ. ಹೆದ್ದಾರಿಯಲ್ಲಿ ಗರಿಷ್ಠ ವೇಗ 80 ಎಂಬ ಫಲಕ ಕಂಡರೆ ಜನಜಂಗುಳಿಯ ನಡುವೆಯೂ 80ರಲ್ಲೇ ಓಡಿಸಬಹುದು ಎಂದು ಯಾರಾದರೂ ವಾದಿಸುತ್ತಾರೆಯೇ? ಇಲ್ಲಿ ಮಾತ್ರ ವಾದಿಸುತ್ತಾರೆ. ಗೆರೆಗೆ ವಿನಾಯಿತಿ ಇರುವುದು ಮ್ಯಾಜಿಸ್ಟ್ರೇಟರ ನ್ಯಾಯಾಲಯಕ್ಕೆ ಹೋಗುವ ಪ್ರಯಾಣದ ಸಮಯಕ್ಕಷ್ಟೇ. ಶನಿವಾರ ಹಿಡಿದವರನ್ನು ‘ಕೋರ್ಟ್ ರಜೆ’ ಎಂದು ಸೋಮವಾರದವರೆಗೆ ಇಟ್ಟುಕೊಳ್ಳುವಂತಿಲ್ಲ. ಭಾನುವಾರವಾದರೆ ಮ್ಯಾಜಿಸ್ಟ್ರೇಟರ ಮನೆಗೇ ಕರೆದುಕೊಂಡು ಹೋಗಬೇಕಾಗುತ್ತದೆ, ಹೋಗುತ್ತಾರೆ ಕೂಡ.

ಎರಡನೆಯ ಗಂಟು ಇನ್ನೂ ಬಿಗಿ. ‘ಅರೆಸ್ಟ್ ಮಾಡಿಲ್ಲ, ಕೂರಿಸಿದ್ದೇವೆ.’ ಎದ್ದು ಹೊರಟರೆ ಬಿಡುತ್ತಾರೆಯೇ? ಮೊಬೈಲ್ ಮೇಜಿನ ಡ್ರಾಯರಿನಲ್ಲಿದೆ, ಬಾಗಿಲಲ್ಲಿ ಕಾನ್‌ಸ್ಟೆಬಲ್ ನಿಂತಿದ್ದಾರೆ, ಮೂತ್ರಕ್ಕೆ ಹೋಗಬೇಕಾದರೂ ಅನುಮತಿ ಬೇಕು. ಇದಕ್ಕೆ ಬಂಧನವಲ್ಲದೆ ಬೇರೆ ಹೆಸರಿಲ್ಲ. ಇಂಥ ಪದಗಳ ಕಣ್ಣುಮುಚ್ಚಾಲೆಯನ್ನು ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ 1980ರಲ್ಲೇ ಒಂದು ತೀರ್ಪಿನಲ್ಲಿ ತರಾಟೆಗೆ ತೆಗೆದುಕೊಂಡಿದ್ದಾರೆ. ಬಂಧಿಸಿಲ್ಲ ಎನ್ನುವುದಾದರೆ ಮನೆಗೆ ಕಳುಹಿಸಬೇಕು, ಕಳುಹಿಸುವುದಿಲ್ಲ ಎನ್ನುವುದಾದರೆ ಬಂಧನದ ನಿಯಮಗಳೆಲ್ಲ ಅನ್ವಯಿಸಬೇಕು. ನಡುವೆ ಮೂರನೆಯ ಬೆಂಚು ಹಾಕಿಲ್ಲ.

ನಿಯಮಗಳು ಏನು? ಬಂಧನದ ಕಾರಣ ತಿಳಿಸಬೇಕು, ಮನೆಯವರಿಗೋ ಗೆಳೆಯರಿಗೋ ಸುದ್ದಿ ಮುಟ್ಟಿಸಬೇಕು, ವೈದ್ಯಕೀಯ ಪರೀಕ್ಷೆ ಮಾಡಿಸಬೇಕು. ಜೊತೆಗೆ ದಸ್ತಗಿರಿ ಮೆಮೊ. ನಾನು ಜನರ ಬೆನ್ನು ಹತ್ತುವುದು ಈ ಒಂದು ಹಾಳೆಗಾಗಿ. ಅದರಲ್ಲಿ ಬಂಧನದ ದಿನಾಂಕ ಮತ್ತು ಸಮಯ ಇರಬೇಕು. ಮನೆಯವರೊಬ್ಬರು ಅಥವಾ ಆ ಪ್ರದೇಶದ ಗೌರವಸ್ಥರೊಬ್ಬರು ಸಾಕ್ಷಿಯಾಗಿ ಸಹಿ ಹಾಕಬೇಕು, ಬಂಧಿತರೂ ಸಹಿ ಮಾಡಬೇಕು. ಒಂದು ಪ್ರಕರಣದಲ್ಲಿ ಪಕ್ಕದ ಮನೆಯ ಹೆಂಗಸು ಅಂಗಡಿಯ ಚೀಟಿಯ ಹಿಂದೆ ಬರೆದಿಟ್ಟಿದ್ದರು: ‘7.40, ಬಿಳಿ ಜೀಪು, ಮೂವರು, ಒಬ್ಬರಿಗೆ ಮಾತ್ರ ಯೂನಿಫಾರಂ.’ ಸಂಜೆ ಮೆಮೊ ನೋಡಿದರೆ ಬಂಧನದ ಸಮಯ 5.30! ಹುಡುಗನ ತಂದೆ ಸಹಿ ಹಾಕುವಾಗ ಅದರ ಪಕ್ಕದಲ್ಲೇ ‘ಬೆಳಿಗ್ಗೆ 7.40ಕ್ಕೆ ಕರೆದುಕೊಂಡು ಹೋದರು’ ಎಂದು ಸೇರಿಸಿದರು. ಎಸ್‌ಐ ಮುಖ ಕೆಂಪಾಯಿತು, ಆದರೆ ಸಾಲು ಉಳಿಯಿತು. ಮರುದಿನ ಮ್ಯಾಜಿಸ್ಟ್ರೇಟರು ಮೊದಲು ಕೇಳಿದ್ದು ಆ ಹತ್ತು ಗಂಟೆಗಳ ಬಗ್ಗೆ.

ವಿಚಾರಣೆಗೆ ಕರೆಯುವುದಕ್ಕೂ ಕ್ರಮವಿದೆ. ಆರೋಪಿಯಾಗಿ ಕರೆಯುವುದಾದರೆ ಅದೇ ಸಂಹಿತೆಯ 35(3)ನೇ ಕಲಮಿನ ನೋಟಿಸ್, ಸಾಕ್ಷಿಯಾಗಿ ಕರೆಯುವುದಾದರೆ 179ರ ಲಿಖಿತ ಆದೇಶ. ಈ ನೋಟಿಸುಗಳನ್ನು ವಾಟ್ಸ್‌ಆ್ಯಪಿನಲ್ಲಿ ಕಳುಹಿಸಿ ಕೈತೊಳೆದುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ. ಸಾಕ್ಷಿಯಾಗಿ ಬೇಕಾದ ಹೆಂಗಸರು, 15 ವರ್ಷದೊಳಗಿನ ಮಕ್ಕಳು, 60 ದಾಟಿದವರನ್ನು ಅವರ ಮನೆಯಲ್ಲೇ ಕೇಳಬೇಕು. ಹಾಗೆಂದು ಠಾಣೆಯಿಂದ ಕರೆ ಬಂದ ಕೂಡಲೇ ಜಗಳಕ್ಕೆ ನಿಲ್ಲಿ ಎನ್ನುತ್ತಿಲ್ಲ. ‘ಬರುತ್ತೇವೆ, ನೋಟಿಸ್ ಕೊಡಿ’ ಎಂದರೆ ಸಾಕು.

‘ನಮ್ಮಂಥವರು ಕೇಳಿದರೆ ಏನಾಗುತ್ತದೆ’ ಎಂದು ನೀವು ಬರೆದಿಲ್ಲ. ಆದರೂ ಉತ್ತರಿಸುತ್ತೇನೆ, ಏಕೆಂದರೆ ಮುಂದಿನ ಪತ್ರದಲ್ಲಿ ಬರೆಯುತ್ತೀರಿ. ಮೇಲಿನ ಮೆಮೊ ನಿಯಮ ಸುಪ್ರೀಂ ಕೋರ್ಟಿನ ಡಿ. ಕೆ. ಬಸು ತೀರ್ಪಿನ ಹನ್ನೊಂದು ಸೂಚನೆಗಳಲ್ಲಿ ಒಂದು. ಅದರ ಮೂಲ 1986ರ ಒಂದು ಕಾಗದ. ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯೊಂದರ ಕಾರ್ಯಾಧ್ಯಕ್ಷರಾಗಿದ್ದ ಬಸು ಅವರು ಲಾಕಪ್ ಸಾವುಗಳ ಪತ್ರಿಕಾ ವರದಿಗಳನ್ನು ಲಗತ್ತಿಸಿ ಮುಖ್ಯ ನ್ಯಾಯಮೂರ್ತಿಗೆ ಬರೆದದ್ದು. ನ್ಯಾಯಾಲಯ ಅದನ್ನೇ ರಿಟ್ ಅರ್ಜಿ ಎಂದು ಪರಿಗಣಿಸಿತು. ತೀರ್ಪು ಬಂದದ್ದು 1996ರ ಡಿಸೆಂಬರಿನಲ್ಲಿ, ಹತ್ತು ವರ್ಷದ ಮೇಲೆ. ಮಗನನ್ನು ಪೊಲೀಸರ ವಶದಲ್ಲಿ ಕಳೆದುಕೊಂಡ ಒಡಿಶಾದ ತಾಯಿಯೊಬ್ಬರು ಬರೆದದ್ದೂ ಬರಿಯ ಪತ್ರ. 1993ರಲ್ಲಿ ಒಂದೂವರೆ ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಆದೇಶವಾಯಿತು. ಸಾಂವಿಧಾನಿಕ ಹಕ್ಕು ಮುರಿದರೆ ಸರ್ಕಾರ ದುಡ್ಡು ತೆರಬೇಕು ಎಂಬ ತತ್ವವನ್ನು ಇಂದಿಗೂ ಆ ತೀರ್ಪಿನಿಂದಲೇ ಉಲ್ಲೇಖಿಸುತ್ತಾರೆ.

ಕಾಗದ ಬರೆಯುವವರು ಈಗ ಇನ್ನೊಂದನ್ನೂ ಕೇಳಬಹುದು, ಸಿಸಿಟಿವಿ ದೃಶ್ಯ. ಠಾಣೆಯ ಮುಖ್ಯ ದ್ವಾರ, ಲಾಕಪ್, ಪಡಸಾಲೆ, ಇನ್‌ಸ್ಪೆಕ್ಟರ ಕೊಠಡಿ ಎಲ್ಲ ಕಡೆ ಧ್ವನಿ ಸಹಿತ ಕ್ಯಾಮೆರಾ ಇರಬೇಕು, ದೃಶ್ಯವನ್ನು 18 ತಿಂಗಳು ಕಾಪಾಡಬೇಕು ಎಂಬುದು ಸುಪ್ರೀಂ ಕೋರ್ಟಿನ 2020ರ ಡಿಸೆಂಬರಿನ ಆದೇಶ. ಕ್ಯಾಮೆರಾಗಳು ಕೆಲಸ ಮಾಡುತ್ತಿಲ್ಲವೆಂಬ ಬಗ್ಗೆ 2025ರಲ್ಲಿ ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು ಎಂದರೆ ಪಾಲನೆಯ ಸ್ಥಿತಿ ಊಹಿಸಿಕೊಳ್ಳಿ. ಹಾಗಾಗಿ ತಡಮಾಡಬೇಡಿ. ನಿಮ್ಮ ತಮ್ಮ ಮನೆಗೆ ಬಂದ ಮರುದಿನವೇ ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಬರೆದು, ದೃಶ್ಯ ತರಿಸಿ ಭದ್ರಪಡಿಸಿ ಎಂದು ಕೇಳಿ. ‘ಠಾಣೆಯ ಎಲ್ಲ ದೃಶ್ಯ’ ಎಂದು ಬರೆಯಬೇಡಿ. ದಿನಾಂಕ ಹಾಕಿ, ಇಷ್ಟು ಗಂಟೆಯಿಂದ ಇಷ್ಟು ಗಂಟೆವರೆಗೆ, ದ್ವಾರದ ಕ್ಯಾಮೆರಾ, ಬೆಂಚಿನ ಎದುರಿನ ಕ್ಯಾಮೆರಾ ಎಂದು ಬರೆಯಿರಿ. ಅವನನ್ನು ಎಷ್ಟು ಗಂಟೆಗೆ ಕರೆದುಕೊಂಡು ಹೋದರು ಎಂಬುದನ್ನು ನೀವು ನನಗೂ ಬರೆದಿಲ್ಲ. ಠಾಣೆಗೆ ಹೊರಡುವ ಮೊದಲು ಅದನ್ನು ಒಂದು ಚೀಟಿಯಲ್ಲಿ ಗುರುತು ಹಾಕಿಕೊಳ್ಳಿ.